ಸಾಕುನಾಯಿಗೆ ಶಿಸ್ತು: ಮೊದಲ ಪಾಠ ಮನೆಯವರಿಗೆ

ಗದಗ-ಬೆಟಗೇರಿ ಅವಳಿ ನಗರದ ಹೊಸ ಬಡಾವಣೆಗಳಲ್ಲಿ ಬೆಳಗಿನ ಆರು ಗಂಟೆಯ ಹೊತ್ತಿಗೆ ಒಂದು ಸುತ್ತು ಹಾಕಿ ಬಂದರೆ ಎರಡು ನೋಟಗಳು ಕಣ್ಣಿಗೆ ಬೀಳುತ್ತವೆ. ಒಂದು, ನಾಯಿ ಮುಂದೆ, ಯಜಮಾನ ಹಿಂದೆ. ಹಗ್ಗವನ್ನು ಎರಡೂ ಕೈಗಳಿಂದ ಹಿಡಿದು, ಎಳೆದತ್ತ ಹೋಗುತ್ತಿರುವ ಮನುಷ್ಯ. ಇನ್ನೊಂದು, ಗೇಟಿನ ಒಳಗೆ ಎರಡು ಮೊಳದ ಸರಪಳಿಗೆ ಕಟ್ಟಿ ಹಾಕಿದ, ದಾರಿಹೋಕರೆಲ್ಲರ ಮೇಲೂ ಬೊಗಳುವ ನಾಯಿ. ಬೇರೆ ಬೇರೆ ಎನಿಸಿದರೂ ಇವು ಒಂದೇ ಕಥೆಯ ಮೊದಲ ಮತ್ತು ನಂತರದ ಅಧ್ಯಾಯಗಳು.

ಮರಿಯಾಗಿದ್ದಾಗ ಎಲ್ಲರ ಮಡಿಲಲ್ಲಿ ಬೆಳೆದ ನಾಯಿ ವರ್ಷ ತುಂಬುವಷ್ಟರಲ್ಲಿ ಹಿಡಿತಕ್ಕೆ ಸಿಗದಂತಾಗುತ್ತದೆ. ಬಂದ ಬೀಗರ ಮೈಮೇಲೆ ಎಗರುತ್ತದೆ, ಮಕ್ಕಳ ಕೈಯಿಂದ ರೊಟ್ಟಿ ಕಸಿಯುತ್ತದೆ, ನೆರೆಮನೆಯವರು ಸಾರಿಸಿ ರಂಗೋಲಿ ಹಾಕಿದ ಅಂಗಳವನ್ನೇ ಹುಡುಕಿಕೊಂಡು ಹೋಗಿ ಹೊಲಸು ಮಾಡುತ್ತದೆ. ಮೊದಲು ಬೈಗುಳ, ಆನಂತರ ಏಟು, ಕಡೆಗೆ ಸರಪಳಿ. ಅದೂ ಸಾಲದಾದಾಗ ಒಂದು ದಿನ ವಾಹನದಲ್ಲಿ ಕೂರಿಸಿಕೊಂಡು ಹೋಗಿ ಊರಾಚೆ ಬಿಟ್ಟು ಬರುವವರೂ ಇದ್ದಾರೆ. ಮನೆಯ ಅನ್ನ ಉಂಡು ಬೆಳೆದ ನಾಯಿಗೆ ಬೀದಿಯ ಬದುಕು ತಿಳಿಯದು. ಹಾಗೆ ಬಿಟ್ಟ ನಾಯಿಯ ಪಾಡು ಒಂದು ಕಡೆಯಾದರೆ, ಅದು ಹೆದರಿ ಯಾರನ್ನೋ ಕಚ್ಚುವ ಅಪಾಯ ಇನ್ನೊಂದು ಕಡೆ.

ಈ ಕಥೆಯನ್ನು ಬದಲಿಸಲು ದುಬಾರಿ ತರಬೇತುದಾರ ಬೇಕಿಲ್ಲ. ದಿನಕ್ಕೆ ಮೂರು ಬಾರಿ ಐದೈದು ನಿಮಿಷದ ಅಭ್ಯಾಸ, ಒಂದು ಹಿಡಿ ತಿನಿಸು, ಮನೆಮಂದಿಯಲ್ಲಿ ಒಮ್ಮತ ಇಷ್ಟಿದ್ದರೆ ಸಾಕು. ಈ ಮೂರರಲ್ಲಿ ಕಷ್ಟವಾದದ್ದು ಕೊನೆಯದು.

ಕೆಲಸ ಬದಲಾದ ಪ್ರಾಣಿ

ನಾಯಿಯನ್ನು ಪಳಗಿಸುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಕ್ರಿ.ಶ. 949-50ರ ಶಾಸನವು 'ಕಾಳಿ' ಎಂಬ ಬೇಟೆನಾಯಿಯ ವೀರಮರಣವನ್ನು ದಾಖಲಿಸಿದೆ. ಗಂಗ ದೊರೆ ಇಮ್ಮಡಿ ಬೂತುಗನು ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ತನ್ನ ವೀರ ಮಣಲೆರನಿಗೆ ಬೇಡಿದ್ದನ್ನು ಕೊಡಲು ಮುಂದಾದಾಗ, ಆತ ಕೇಳಿಕೊಂಡದ್ದು ಈ ನಾಯಿಯನ್ನು. ಮುಂದೆ ಕಾಡುಹಂದಿಯೊಡನೆ ಹೋರಾಡಿ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ.

ಗದಗ ಸೀಮೆಗೆ ಹತ್ತಿರದ ಉದಾಹರಣೆ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರ ಆಶ್ರಯದಲ್ಲಿ ಹೆಸರಾದ ಈ ತಳಿಯ ಚಿತ್ರವನ್ನು ಅಂಚೆ ಇಲಾಖೆ 2005ರಲ್ಲಿ ಅಂಚೆಚೀಟಿಯ ಮೇಲೆ ಮುದ್ರಿಸಿತು. 2016ರಲ್ಲಿ ಇದರ ಮರಿಗಳು ತರಬೇತಿಗೆಂದು ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು. ಇನ್ನು ಕಪ್ಪತಗುಡ್ಡದ ಸುತ್ತಲಿನ ಶಿರಹಟ್ಟಿ, ಮುಂಡರಗಿ ಭಾಗದ ಕುರಿಗಾಹಿಗಳಿಗೆ ನಾಯಿಯೆಂದರೆ ಮಂದೆಯ ಕಾವಲು. 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಆ ಗುಡ್ಡಸಾಲಿನಲ್ಲಿ ಇಂದಿಗೂ ತೋಳಗಳಿವೆ.

ಬೇಟೆಯ ನಾಯಿ, ಮಂದೆಯ ನಾಯಿ ಎರಡಕ್ಕೂ ಬಯಲಿತ್ತು, ದಿನವಿಡೀ ಕೆಲಸವಿತ್ತು. ಅದೇ ರಕ್ತದ ಪ್ರಾಣಿಯನ್ನು ಮೂವತ್ತು-ನಲವತ್ತು ಅಡಿಯ ನಿವೇಶನದೊಳಗೆ ತಂದು ಇರಿಸಿದಾಗ ಓಡುವ, ಅಟ್ಟುವ, ಕಾಯುವ ಅದರ ಹುಟ್ಟುಗುಣ ಮಾಯವಾಗುವುದಿಲ್ಲ. ಅಲ್ಲಿ ಗುಣವಾಗಿದ್ದದ್ದು ಇಲ್ಲಿ ಉಪದ್ರವವಾಗಿ ತೋರುತ್ತದೆ. ಪಟ್ಟಣದ ನಾಯಿಗೆ ನಾವು ಒಪ್ಪಿಸಿರುವ ಹೊಸ ಕೆಲಸವೆಂದರೆ ಸಭ್ಯವಾಗಿ ಇರುವುದು. ಕರೆದಾಗ ಬರಬೇಕು, ಹೇಳಿದಾಗ ಕೂರಬೇಕು, ಹಗ್ಗ ಎಳೆಯದೆ ನಡೆಯಬೇಕು, ಬಂದವರ ಮೇಲೆ ಎಗರಬಾರದು. ಇದು ನಾಯಿಗೆ ಹುಟ್ಟಿನಿಂದ ಬರುವ ವಿದ್ಯೆಯಲ್ಲ, ಯಾರಾದರೂ ಕಲಿಸಲೇಬೇಕು.

ಪೆಟ್ಟಿನಿಂದ ಕಲಿಯುವುದೇನು?

ಪ್ರಾಣಿಯೊಂದು ಮಾಡಿದ ಕೆಲಸಕ್ಕೆ ಒಳ್ಳೆಯ ಫಲ ದೊರೆತರೆ ಅದು ಆ ಕೆಲಸವನ್ನು ಮತ್ತೆ ಮಾಡುತ್ತದೆ, ಫಲ ದೊರೆಯದಿದ್ದರೆ ಕ್ರಮೇಣ ಬಿಡುತ್ತದೆ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಮೊದಲ್ಗೊಂಡು ಬೆಳೆದ ಈ ತತ್ತ್ವವೇ ಇಂದಿನ ನಾಯಿ ತರಬೇತಿಯ ಬುನಾದಿ. ಊಟಕ್ಕೆ ಕುಳಿತವರ ಪಕ್ಕ ನಿಂತು ಕುಂಯ್ಗುಡುವ ನಾಯಿಗೆ ಒಂದು ತುತ್ತು ಎಸೆದರೆ ನಾವು ಅದಕ್ಕೆ ಕಲಿಸಿದ್ದು ಕುಂಯ್ಗುಡುವುದನ್ನು. ಎಗರಿದಾಗ ತಲೆ ಸವರಿದರೆ ಕಲಿಸಿದ್ದು ಎಗರುವುದನ್ನು. ನಾವು ಪಾಠ ಹೇಳುತ್ತಿದ್ದೇವೆಂದು ನಮಗೆ ತಿಳಿಯದಿದ್ದಾಗಲೂ ನಾಯಿ ಕಲಿಯುತ್ತಲೇ ಇರುತ್ತದೆ.

ಇಲ್ಲಿ ಸಮಯವೇ ಮುಖ್ಯ. ಮೆಚ್ಚುಗೆಯಾಗಲಿ, ತಿನಿಸಾಗಲಿ ಕೆಲಸ ಮುಗಿದ ಒಂದೆರಡು ಸೆಕೆಂಡಿನೊಳಗೆ ದೊರೆಯಬೇಕು. ತಡವಾದರೆ ಯಾವುದಕ್ಕೆ ಫಲ ಸಿಕ್ಕಿತೆಂಬುದು ನಾಯಿಗೆ ಹೊಳೆಯದು. ಶಿಕ್ಷೆಯ ವಿಷಯದಲ್ಲಂತೂ ಇದು ಇನ್ನೂ ನಿಜ. ಕಚೇರಿಯಿಂದ ಮರಳಿದ ಯಜಮಾನ ಮಧ್ಯಾಹ್ನ ಹರಿದ ಚಪ್ಪಲಿಯನ್ನು ತೋರಿಸಿ ಹೊಡೆದರೆ, ನಾಯಿಯ ಪಾಲಿಗೆ ಆ ಪೆಟ್ಟು ಚಪ್ಪಲಿಗೆ ಸಂಬಂಧಿಸಿದ್ದಲ್ಲ, ಯಜಮಾನ ಮನೆಗೆ ಬಂದದ್ದಕ್ಕೆ ಸಂಬಂಧಿಸಿದ್ದು. ಬಾಲ ಮಡಚಿ ಮೂಲೆ ಸೇರುವ ನಾಯಿಯನ್ನು ಕಂಡು "ನೋಡು, ತಪ್ಪು ಮಾಡಿದ್ದು ಅದಕ್ಕೇ ಗೊತ್ತು" ಎನ್ನುವುದು ನಮ್ಮ ಭ್ರಮೆ. ಅದು ಹೆದರಿದೆ, ಅಷ್ಟೆ.

ನಾಯಿ ಮನೆಯಲ್ಲಿ ಯಜಮಾನಿಕೆಗಾಗಿ ಹವಣಿಸುತ್ತದೆ, ಆದ್ದರಿಂದ ಅದನ್ನು ಅದುಮಿ ಮಲಗಿಸಿ ನಾವೇ ಹಿರಿಯರೆಂದು ತೋರಿಸಬೇಕು ಎಂಬ ಸಲಹೆ ಇಂದಿಗೂ ಚಾಲ್ತಿಯಲ್ಲಿದೆ. ಇದರ ಬೇರು ರುಡಾಲ್ಫ್ ಶೆಂಕೆಲ್ 1947ರಲ್ಲಿ ಸೆರೆಯಲ್ಲಿದ್ದ ತೋಳಗಳ ಬಗ್ಗೆ ಬರೆದ ಅಧ್ಯಯನದಲ್ಲಿದೆ. 1970ರ ತಮ್ಮ ಪುಸ್ತಕದಲ್ಲಿ ಅದೇ ಕಲ್ಪನೆಯನ್ನು ಜನಪ್ರಿಯಗೊಳಿಸಿದ ತೋಳತಜ್ಞ ಡೇವಿಡ್ ಮೆಕ್ ಅವರೇ 1999ರಲ್ಲಿ ತಮ್ಮ ನಿಲುವು ತಿದ್ದಿಕೊಂಡರು. ಕಾಡಿನ ತೋಳಗಳ ಗುಂಪು ಬಹುಮಟ್ಟಿಗೆ ತಂದೆ, ತಾಯಿ ಮತ್ತು ಮಕ್ಕಳ ಒಂದು ಕುಟುಂಬ. ಅಲ್ಲಿ ಗದ್ದುಗೆಗಾಗಿ ನಿತ್ಯ ಕಾಳಗ ನಡೆಯುವುದಿಲ್ಲ ಎಂಬುದು ಅವರು ಕಂಡುಕೊಂಡ ಸತ್ಯ. ಹೊಡೆದು ಪಳಗಿಸಿದ ನಾಯಿ ಹೊಡೆಯುವವನ ಎದುರು ಸುಮ್ಮನಿರಬಹುದು. ಆದರೆ ಆ ಅಂಜಿಕೆಯ ಫಲ ಒಂದು ದಿನ ಮನೆಯ ಮಗುವಿನ ಮೇಲೋ ಹಾಲು ಹಾಕುವವನ ಮೇಲೋ ಬೀಳುತ್ತದೆ.

ಮೊದಲ ಹದಿನಾಲ್ಕು ವಾರ

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬ ಗಾದೆ ನಾಯಿಯ ವಿಷಯದಲ್ಲಿ ಮುಕ್ಕಾಲು ಪಾಲು ಸತ್ಯ. ಅಮೆರಿಕದ ಬಾರ್ ಹಾರ್ಬರ್‌ನ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಹಲವು ವರ್ಷ ನಡೆಸಿದ ಸಂಶೋಧನೆ 1965ರಲ್ಲಿ ಪುಸ್ತಕವಾಗಿ ಬಂತು. ಸುಮಾರು ಮೂರನೆಯ ವಾರದಿಂದ ಹನ್ನೆರಡು-ಹದಿನಾಲ್ಕನೆಯ ವಾರದವರೆಗೆ ಮರಿಯ ಮನಸ್ಸು ಹೊಸದನ್ನು ಅಂಜಿಕೆಯಿಲ್ಲದೆ ಸ್ವೀಕರಿಸುತ್ತದೆ. ಆ ಅವಧಿಯಲ್ಲಿ ಕಾಣದ್ದನ್ನು ಮುಂದೆ ಅನುಮಾನದಿಂದ ನೋಡುತ್ತದೆ ಎಂಬುದು ಅದರ ಸಾರ.

ನಮ್ಮ ಕಡೆಯ ಮರಿ ಪರಿಚಯ ಮಾಡಿಕೊಳ್ಳಬೇಕಾದ ಸಂಗತಿಗಳ ಪಟ್ಟಿ ದೊಡ್ಡದು. ಟ್ರ್ಯಾಕ್ಟರ್, ಟಂಟಂ, ಮೋಟಾರ್ ಸೈಕಲ್ಲು, ಹೆಲ್ಮೆಟ್ ಧರಿಸಿದವರು, ತಲೆಗೆ ಪಟಕ ಸುತ್ತಿದ ಹಿರಿಯರು, ಕೋಲು ಊರಿ ನಡೆಯುವವರು, ಬುರ್ಖಾ ತೊಟ್ಟವರು, ಸಮವಸ್ತ್ರದ ಮಕ್ಕಳು, ಎತ್ತು, ಎಮ್ಮೆ, ಕುರಿಮಂದೆ, ಕುಕ್ಕರಿನ ಸೀಟಿ, ಮಿಕ್ಸಿಯ ಸದ್ದು, ಬೆಟಗೇರಿಯ ಓಣಿಗಳಲ್ಲಾದರೆ ಮಗ್ಗದ ಲಟಪಟ. ದಿನಕ್ಕೆ ಒಂದೆರಡನ್ನು ದೂರದಿಂದ ತೋರಿಸಿ, ಮರಿ ನೆಮ್ಮದಿಯಿಂದ ನೋಡಿದಾಗ ಒಂದು ತಿನಿಸು ಕೊಟ್ಟರೆ ಸಾಕು. ಹೆದರಿ ಹಿಂಜರಿದರೆ ಬಲವಂತ ಮಾಡದೆ ದೂರ ಹೆಚ್ಚಿಸಬೇಕು.

ಲಸಿಕೆಗಳು ಪೂರ್ಣಗೊಳ್ಳುವ ತನಕ ಮರಿಯನ್ನು ಬೀದಿಯ ನೆಲದ ಮೇಲೆ, ಅಪರಿಚಿತ ನಾಯಿಗಳ ನಡುವೆ ಬಿಡುವುದು ಅಪಾಯ. ಪಾರ್ವೋ ರೋಗ ಮರಿಗಳ ಪ್ರಾಣ ತೆಗೆಯುತ್ತದೆ. ಹಾಗೆಂದು ಮನೆಯೊಳಗೇ ಕೂಡಿ ಹಾಕಬೇಕಿಲ್ಲ. ತೋಳಿನಲ್ಲಿ ಎತ್ತಿಕೊಂಡು ಬೀದಿಯ ತಿರುವಿನಲ್ಲಿ ಹತ್ತು ನಿಮಿಷ ನಿಂತರೆ ಅದೇ ಪಾಠಶಾಲೆ. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ನಾಯಿ ಸಂವರ್ಧನೆ ಮತ್ತು ಮಾರಾಟ ನಿಯಮಗಳು ಹೇಳುತ್ತವೆ. ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆಗಿನ ಆಟದಲ್ಲೇ ಮರಿಯು ಎಷ್ಟು ಬಿಗಿಯಾಗಿ ಕಚ್ಚಬಾರದೆಂಬುದನ್ನು ಕಲಿಯುತ್ತದೆ. ಒಂದು ತಿಂಗಳಿಗೇ ತಾಯಿಯಿಂದ ಬೇರ್ಪಡಿಸಿದ ಮರಿಗೆ ಆ ಪಾಠ ತಪ್ಪಿಹೋಗುತ್ತದೆ.

ಒಂದು ಮನೆ, ಒಂದು ಮಾತು

ತರಬೇತಿ ಕೆಡುವುದು ಸಾಮಾನ್ಯವಾಗಿ ನಾಯಿಯ ದಡ್ಡತನದಿಂದಲ್ಲ, ಮನೆಯವರ ಬಹುಭಾಷೆಯಿಂದ. ಅಜ್ಜಿ "ಕುಂದ್ರು" ಎನ್ನುತ್ತಾರೆ. ಅಪ್ಪ "ಕೂಡು" ಎನ್ನುತ್ತಾನೆ. ಇಂಗ್ಲಿಷ್ ಮಾಧ್ಯಮದ ಮೊಮ್ಮಗ "ಸಿಟ್, ಸಿಟ್, ಸಿಟ್ ಡೌನ್" ಎನ್ನುತ್ತಾನೆ. ನಾಯಿಗೆ ಇವು ಮೂರು ಬೇರೆ ಬೇರೆ ಸದ್ದುಗಳು. ಯಾವ ಭಾಷೆಯ ಪದವಾದರೂ ಆದೀತು, ಆದರೆ ಮನೆಗೆಲ್ಲ ಒಂದೇ ಇರಬೇಕು. ಕುಂದ್ರು, ಬಾ, ನಿಲ್ಲು, ಬಿಡು ಎಂಬ ನಾಲ್ಕು ಪುಟ್ಟ ಪದಗಳನ್ನು ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸುವುದು ಉತ್ತಮ ಆರಂಭ.

ಪದದಂತೆಯೇ ನಿಯಮವೂ ಒಂದೇ ಆಗಿರಬೇಕು. ಸೋಫಾ ಏರಬಾರದೆಂದು ಅಮ್ಮ ಹೇಳಿ, ರಾತ್ರಿ ಮಗ ಅಲ್ಲೇ ಕೂರಿಸಿಕೊಂಡರೆ ನಾಯಿಗೆ ತಿಳಿಯುವುದು ಇಷ್ಟೇ: ಪ್ರಯತ್ನಿಸುತ್ತಿದ್ದರೆ ಒಮ್ಮೊಮ್ಮೆ ಫಲ ಸಿಗುತ್ತದೆ. ಆಗೊಮ್ಮೆ ಈಗೊಮ್ಮೆ ಫಲಿಸುವ ಅಭ್ಯಾಸವೇ ಬಿಡಿಸಲು ಅತಿ ಕಷ್ಟವಾದ ಅಭ್ಯಾಸ.

ಒಂದು ಪದವನ್ನು ಮನೆಯಿಂದ ಪೂರ್ತಿ ಹೊರಗಿಡಬೇಕು. ಅದು "ಛೂ". ತಮಾಷೆಗೆಂದು ಬೆಕ್ಕಿನ ಮೇಲೆ, ಬೀದಿ ನಾಯಿಯ ಮೇಲೆ ಛೂ ಬಿಟ್ಟು ನಗುವ ಮನೆಯಲ್ಲಿ ನಾಯಿಯು ಚಲಿಸುವುದನ್ನೆಲ್ಲ ಅಟ್ಟುವುದೇ ತನ್ನ ಕೆಲಸವೆಂದು ತಿಳಿಯುತ್ತದೆ. ನಾಳೆ ಅದು ಅಟ್ಟುವುದು ಸೈಕಲ್ಲಿನ ಮೇಲೆ ಶಾಲೆಗೆ ಹೊರಟ ಹುಡುಗನನ್ನಾಗಿರಬಹುದು.

ಐದು ಪಾಠಗಳು

ಕೂರುವುದು: ನಾಯಿಯ ಮೂಗಿನ ಮುಂದೆ ತಿನಿಸು ಹಿಡಿದು, ಕೈಯನ್ನು ನಿಧಾನವಾಗಿ ಅದರ ತಲೆಯ ಮೇಲಿಂದ ಹಿಂದಕ್ಕೆ ಒಯ್ಯಬೇಕು. ಮೂಗು ಮೇಲೇರಿದಂತೆ ಹಿಂಭಾಗ ತಾನೇ ನೆಲ ಮುಟ್ಟುತ್ತದೆ. ಮುಟ್ಟಿದ ಕ್ಷಣ "ಶಾಬಾಸ್" ಎಂದು ತಿನಿಸು ಕೊಡಬೇಕು. ಸೊಂಟ ಅದುಮಿ ಕೂರಿಸಬಾರದು. ಈ ಚಲನೆ ರೂಢಿಯಾದ ಮೇಲೆ "ಕುಂದ್ರು" ಎಂಬ ಪದವನ್ನು ಒಮ್ಮೆ ಮಾತ್ರ ಹೇಳಿ ಅದಕ್ಕೆ ಜೋಡಿಸಬೇಕು. ಹತ್ತು ಬಾರಿ ಕೂಗಿದರೆ ನಾಯಿ ಹತ್ತನೆಯದಕ್ಕೇ ಕೂರಲು ಕಲಿಯುತ್ತದೆ.

ಕರೆದಾಗ ಬರುವುದು: ಐದರಲ್ಲಿ ಇದೇ ಅತ್ಯಂತ ಬೆಲೆಯುಳ್ಳದ್ದು, ಏಕೆಂದರೆ ಹೆದ್ದಾರಿಯ ಅಂಚಿನಲ್ಲಿ ಇದೊಂದೇ ಪ್ರಾಣ ಉಳಿಸುವ ಪಾಠ. ಮನೆಯೊಳಗೆ ನಾಲ್ಕು ಹೆಜ್ಜೆ ದೂರದಿಂದ ಉತ್ಸಾಹದ ದನಿಯಲ್ಲಿ ಕರೆದು, ಬಂದ ಕೂಡಲೇ ಒಳ್ಳೆಯ ತಿನಿಸು ಕೊಡುವುದರಿಂದ ಆರಂಭಿಸಿ, ಹಿತ್ತಲಿಗೆ, ಆಮೇಲೆ ಉದ್ದ ಹಗ್ಗ ಕಟ್ಟಿ ಬಯಲಿಗೆ ವಿಸ್ತರಿಸಬೇಕು. ಕರೆದು ಬಂದ ನಾಯಿಯನ್ನು ಯಾವ ಕಾರಣಕ್ಕೂ ಬೈಯಬಾರದು, ಹಿಡಿದು ಕಟ್ಟಲೆಂದೇ ಕರೆಯಬಾರದು. ಒಮ್ಮೆ ಮೋಸ ಹೋದರೆ ಆ ಪದದ ಮೇಲಿನ ನಂಬಿಕೆ ಮುಗಿಯಿತು.

ತಡೆದು ನಿಲ್ಲುವುದು: ಗೇಟು ತೆರೆಯುವ ಮುನ್ನ ಕೂರಿಸಿ, ಒಂದು ಸೆಕೆಂಡು, ಎರಡು ಸೆಕೆಂಡು ಎಂದು ಕಾಯುವ ಅವಧಿಯನ್ನು ಹೆಚ್ಚಿಸುತ್ತ ಹೋಗಬೇಕು. ನುಗ್ಗಿದರೆ ಗೇಟು ಮುಚ್ಚುತ್ತದೆ, ಕಾದರೆ ತೆರೆಯುತ್ತದೆ. ಇಲ್ಲಿ ತಿನಿಸೂ ಬೇಕಿಲ್ಲ. ಹೊರಗೆ ಹೋಗುವುದೇ ಬಹುಮಾನ.

ಬಿಡುವುದು: ಬಾಯಲ್ಲಿರುವ ವಸ್ತುವನ್ನು ಕಸಿಯಲು ಹೋದರೆ ನಾಯಿ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಅದಕ್ಕಿಂತ ರುಚಿಯಾದುದನ್ನು ಮೂಗಿನ ಬಳಿ ಹಿಡಿದರೆ ತಾನೇ ಬಿಡುತ್ತದೆ. ಆ ಕ್ಷಣ "ಬಿಡು" ಎಂಬ ಪದ ಜೋಡಿಸಬೇಕು. ರಸ್ತೆ ಬದಿಯ ಮೂಳೆ, ಇಲಿ ಪಾಷಾಣ ಬೆರೆಸಿದ ತುಂಡು ಬಾಯಿಗೆ ಸಿಕ್ಕಾಗ ಈ ಪಾಠದ ಬೆಲೆ ತಿಳಿಯುತ್ತದೆ.

ಹಗ್ಗದ ನಡಿಗೆ: ನಾಯಿ ಎಳೆದ ಕ್ಷಣ ಮರದಂತೆ ನಿಂತುಬಿಡಬೇಕು. ಹಗ್ಗ ಸಡಿಲವಾದಾಗ ಮಾತ್ರ ಮುಂದಿನ ಹೆಜ್ಜೆ. ಮೊದಲ ವಾರ ಇಡೀ ಬೀದಿ ದಾಟುವಷ್ಟರಲ್ಲಿ ಅರ್ಧ ಗಂಟೆ ಕಳೆಯಬಹುದು. ಎಳೆದರೆ ದಾರಿ ಸಾಗುವುದಿಲ್ಲವೆಂದು ತಿಳಿದ ಮೇಲೆ ನಾಯಿ ಪಕ್ಕದಲ್ಲೇ ನಡೆಯುತ್ತದೆ. ಕೊರಳಿಗೆ ಬಿಗಿಯುವ ಕುಣಿಕೆಗಿಂತ ಎದೆಯ ಸುತ್ತ ಕಟ್ಟುವ ಅಗಲವಾದ ಪಟ್ಟಿ ಒಳ್ಳೆಯದು.

ತಿನಿಸೆಂದರೆ ಅಂಗಡಿಯ ಬಿಸ್ಕತ್ತೇ ಆಗಬೇಕಿಲ್ಲ. ಬೆಂದ ಮೊಟ್ಟೆ, ಉಪ್ಪು ಹಾಕದೆ ಬೇಯಿಸಿದ ಕೋಳಿಮಾಂಸ, ಗಜ್ಜರಿಯ ಸಣ್ಣ ತುಂಡು, ಜೋಳದ ರೊಟ್ಟಿಯ ಚೂರು ಸಾಕು, ಗಾತ್ರ ಕಡಲೆಕಾಳಿನಷ್ಟಿರಲಿ. ಆದರೆ ಉಳ್ಳಾಗಡ್ಡಿ ಬೆಳೆಯುವ ಸೀಮೆಯವರು ನೆನಪಿಡಬೇಕಾದ ಮಾತೊಂದಿದೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಬೆರೆತ ಪಲ್ಯ, ಸಾರು ನಾಯಿಗೆ ಸಲ್ಲದು. ಅವು ಅದರ ರಕ್ತದ ಕೆಂಪುಕಣಗಳನ್ನು ನಾಶ ಮಾಡುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ಕೂಡ ವಿಷವೇ.

ದಿನನಿತ್ಯದ ಸಭ್ಯತೆ

ಎಗರುವ ನಾಯಿಗೆ ಬೇಕಾದದ್ದು ಗಮನ. ಬೈದರೂ, ತಳ್ಳಿದರೂ ಗಮನ ಸಿಕ್ಕಂತೆಯೇ. ಎಗರಿದಾಗ ಮಾತಿಲ್ಲದೆ ಬೆನ್ನು ತಿರುಗಿಸಿ, ನಾಲ್ಕೂ ಕಾಲು ನೆಲಕ್ಕೆ ಬಂದಾಗ ಮಾತನಾಡಿಸಬೇಕು. ಮನೆಗೆ ಬರುವವರಿಗೂ ಇದನ್ನು ಮೊದಲೇ ಹೇಳಬೇಕು. ನಾಯಿಗೆ ಹೆದರುವ ಅತಿಥಿ ಬಂದಾಗ "ಏನೂ ಮಾಡುವುದಿಲ್ಲ, ಬನ್ನಿ" ಎನ್ನುವುದು ಆತಿಥ್ಯವಲ್ಲ. ನಾಯಿಯನ್ನು ಇನ್ನೊಂದು ಕೋಣೆಯಲ್ಲಿ ಬಿಡುವುದು ಆತಿಥ್ಯ.

ಮಲಮೂತ್ರದ ಶಿಸ್ತಿಗೆ ಗಡಿಯಾರವೇ ಗುರು. ಮರಿಯನ್ನು ಎದ್ದ ಕೂಡಲೇ, ಉಂಡ ಕೂಡಲೇ, ಆಡಿದ ಕೂಡಲೇ ಒಂದೇ ಜಾಗಕ್ಕೆ ಒಯ್ಯಬೇಕು. ಅಲ್ಲಿ ಮುಗಿಸಿದಾಗ ಮೆಚ್ಚಬೇಕು. ಮನೆಯೊಳಗೆ ತಪ್ಪಿದಾಗ ಮೂಗನ್ನು ಅದಕ್ಕೆ ತಿಕ್ಕುವುದು ಹೊಲಸು ಪದ್ಧತಿ ಮಾತ್ರವಲ್ಲ, ನಿರುಪಯೋಗಿ ಕೂಡ. ಹಾಗೆ ಮಾಡಿದರೆ ಅದು ನಿಮಗೆ ಕಾಣದಂತೆ ಮಂಚದ ಕೆಳಗೆ ಹೋಗುತ್ತದೆ. ಇನ್ನು ನಡಿಗೆಯ ವೇಳೆ ರಸ್ತೆಯಲ್ಲಾದದ್ದನ್ನು ಕಾಗದ ಅಥವಾ ಚೀಲದಿಂದ ಎತ್ತುವುದು ಯಜಮಾನನ ಕೆಲಸ. ನಾಯಿಯ ಕಾರಣಕ್ಕೆ ಅಕ್ಕಪಕ್ಕದ ಮನೆಗಳ ನಡುವೆ ಹುಟ್ಟುವ ಜಗಳಗಳಲ್ಲಿ ಹಲವು ಆರಂಭವಾಗುವುದು ಇಲ್ಲಿಯೇ.

ಬೊಗಳುವುದನ್ನು ಪೂರ್ತಿ ನಿಲ್ಲಿಸಲಾಗದು, ನಿಲ್ಲಿಸಲೂಬಾರದು. ಆದರೆ ಕಾರಣವನ್ನು ಕಡಿಮೆ ಮಾಡಬಹುದು. ಜಾಲರಿ ಗೇಟಿಗೆ ಅರ್ಧ ಎತ್ತರದ ಮರೆ ಕಟ್ಟಿದರೆ ದಾರಿಹೋಕರು ಕಾಣುವುದಿಲ್ಲ. ದಿನಕ್ಕೆರಡು ನಡಿಗೆ, ಮೂಸಿ ಹುಡುಕುವಂತೆ ಹಿತ್ತಲಲ್ಲಿ ಚೆಲ್ಲಿದ ಒಂದಿಷ್ಟು ಆಹಾರ, ಕಡಿಯಲು ಒಂದು ಗಟ್ಟಿ ಆಟಿಕೆ ಇದ್ದರೆ ಬೇಸರದ ಬೊಗಳಾಟ ಬಹಳಷ್ಟು ಇಳಿಯುತ್ತದೆ.

ಮುಧೋಳ ನಾಯಿ ಸಾಕಿದವರಿಗೆ

ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ತಮ್ಮ ಬಾನುಲಿ ಭಾಷಣದಲ್ಲಿ ದೇಶಿ ತಳಿಗಳನ್ನು ಹೆಸರಿಸಿದ ಮೇಲಂತೂ ಈ ನಾಯಿಯ ಕೀರ್ತಿ ದೂರದ ನಗರಗಳಿಗೂ ಹಬ್ಬಿತು. ಆದರೆ ಇದನ್ನು ಲ್ಯಾಬ್ರಡಾರಿನಂತೆ ಬೆಳೆಸಲು ಹೊರಟವರು ನಿರಾಶರಾಗುತ್ತಾರೆ. ಇದು ಕಣ್ಣಿನಿಂದ ಬೇಟೆ ಹುಡುಕುವ ತಳಿ. ದೂರದಲ್ಲಿ ಮೊಲವೋ ಬೆಕ್ಕೋ ಓಡಿದರೆ ಯಜಮಾನನ ದನಿ ಅದರ ಕಿವಿಗೆ ಬೀಳುವುದು ಕಷ್ಟ. ಆದ್ದರಿಂದ ಬೇಲಿಯಿಲ್ಲದ ಬಯಲಿನಲ್ಲಿ ಹಗ್ಗ ಕಳಚಬಾರದು. ಅಪರಿಚಿತರು ಮುಟ್ಟುವುದನ್ನು ಇದು ಸಹಜವಾಗಿ ಇಷ್ಟಪಡದು. ಒರಟು ದನಿಗೆ ಮುದುಡುತ್ತದೆ. ಪಾಠ ಚಿಕ್ಕದಾಗಿ, ದನಿ ಮೆದುವಾಗಿ ಇರಬೇಕು. ದಿನಕ್ಕೊಮ್ಮೆ ಮನದಣಿಯೆ ಓಡಲು ಜಾಗವಿಲ್ಲದ ಮನೆಯವರು ಈ ತಳಿಯ ಆಸೆ ಬಿಡುವುದೇ ಲೇಸು.

ಹೆಸರಿಲ್ಲದ ನಮ್ಮ ಬೀದಿಯ ತಳಿಯ ಮರಿಯೂ ಕಲಿಕೆಯಲ್ಲಿ ಯಾವ ವಂಶಾವಳಿಯ ನಾಯಿಗೂ ಕಡಿಮೆಯಿಲ್ಲ. ಈ ಬಿಸಿಲನ್ನು ತಡೆಯುವ ಮೈಕಟ್ಟು ಅದಕ್ಕೆ ಹುಟ್ಟಿನಿಂದಲೇ ಬಂದಿರುತ್ತದೆ.

ಜಾತ್ರೆ, ಪಟಾಕಿ, ಬಿಸಿಲು

ಗದುಗಿನ ತೋಂಟದಾರ್ಯ ಮಠ, ಶಿರಹಟ್ಟಿಯ ಫಕೀರೇಶ್ವರ ಮಠ, ಮುಂಡರಗಿಯ ಅನ್ನದಾನೀಶ್ವರ ಮಠ, ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯ ಇವುಗಳ ಜಾತ್ರೆಗಳೆಂದರೆ ಊರಿಗೆ ಊರೇ ಬೀದಿಯಲ್ಲಿರುತ್ತದೆ. ಡೊಳ್ಳು, ಧ್ವನಿವರ್ಧಕ, ಜನಜಂಗುಳಿ ನಾಯಿಗೆ ಸಂಭ್ರಮವಲ್ಲ. ತೇರಿನ ದಿನ ಅದನ್ನು ಜೊತೆಗೆ ಕರೆದೊಯ್ಯಬಾರದು. ಮನೆಯ ಒಳಕೋಣೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನು ಹಾಕಿ, ಕಡಿಯಲು ಏನಾದರೂ ಕೊಟ್ಟು ಇರಿಸಬೇಕು. ದೀಪಾವಳಿಯ ಪಟಾಕಿಗೂ ಇದೇ ಕ್ರಮ. ಹಬ್ಬಕ್ಕೆ ಒಂದೆರಡು ತಿಂಗಳು ಮುಂಚಿನಿಂದ ಪಟಾಕಿಯ ಧ್ವನಿಮುದ್ರಣವನ್ನು ಅತಿ ಸಣ್ಣ ದನಿಯಲ್ಲಿ ಕೇಳಿಸುತ್ತ ತಿನಿಸು ಕೊಟ್ಟು, ದನಿಯನ್ನು ದಿನೇ ದಿನೇ ಏರಿಸುವುದು ಹಲವು ನಾಯಿಗಳಿಗೆ ಸಹಾಯಕ. ಹೆದರಿದ ನಾಯಿಯನ್ನು ಸಂತೈಸಿದರೆ ಹೆದರಿಕೆ ಹೆಚ್ಚುತ್ತದೆ ಎಂಬುದು ತಪ್ಪು ತಿಳಿವಳಿಕೆ.

ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ನಡಿಗೆ, ಪಾಠ ಎರಡನ್ನೂ ಸೂರ್ಯೋದಯದ ಹೊತ್ತಿಗೆ ಮತ್ತು ರಾತ್ರಿಗೆ ಸರಿಸಬೇಕು. ನಾಯಿಯ ಮೈ ನಮ್ಮಂತೆ ಬೆವರುವುದಿಲ್ಲ, ತೇಕುವುದರಿಂದಲೇ ಅದು ತಂಪಾಗಬೇಕು. ಅಂಗೈಯ ಹಿಂಭಾಗವನ್ನು ಡಾಂಬರಿನ ಮೇಲೆ ಏಳು ಸೆಕೆಂಡು ಇಡಲಾಗದಿದ್ದರೆ ಅದರ ಪಾದಕ್ಕೂ ಆ ರಸ್ತೆ ಸಲ್ಲದು.

ಸರಪಳಿ ಮತ್ತು ಕಾನೂನು

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಂ ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಪ್ರಾಣಿಯನ್ನು ಬಹುಕಾಲ ಕಟ್ಟುವುದನ್ನು ಅಪರಾಧವೆನ್ನುತ್ತದೆ. ಸದಾ ಕಟ್ಟಿರುವ ನಾಯಿಗೆ ಸೂಕ್ತ ವ್ಯಾಯಾಮ ಕೊಡದಿರುವುದೂ ಅದೇ ಕಲಮಿನಡಿ ಅಪರಾಧ. ಇನ್ನೊಂದು ಕಡೆ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ಎಚ್ಚರ ವಹಿಸದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಂ ಆರು ತಿಂಗಳವರೆಗಿನ ಸೆರೆ, 5,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಕಟ್ಟಿ ಹಾಕಿದರೂ ತಪ್ಪು, ಬಿಟ್ಟರೂ ತಪ್ಪು ಎಂದು ಕೆಲವರಿಗೆ ಅನಿಸಬಹುದು. ಇವೆರಡರ ನಡುವೆ ಕಾನೂನು ಹೆಸರಿಸದೆಯೇ ಬಯಸುವ ದಾರಿಯೊಂದಿದೆ. ಅದೇ ಕಲಿತ ನಾಯಿ.

ಕಚ್ಚುವ ಮುನ್ನ ಕೊಡುವ ಸೂಚನೆ

'ಬೊಗಳುವ ನಾಯಿ ಕಚ್ಚುವುದಿಲ್ಲ' ಎಂಬ ಗಾದೆಯನ್ನು ನಂಬಿದವರು ಆಸ್ಪತ್ರೆ ಸೇರಿದ್ದುಂಟು. ನಾಯಿ ಸಾಮಾನ್ಯವಾಗಿ ಮುನ್ಸೂಚನೆ ಕೊಡುತ್ತದೆ: ಮೈ ಬಿಗಿಯಾಗುವುದು, ಮುಖ ತಿರುಗಿಸುವುದು, ತುಟಿ ನೆಕ್ಕುವುದು, ಕಣ್ಣಿನ ಬಿಳಿಭಾಗ ತೋರುವುದು, ಕೊನೆಗೆ ಗುರುಗುಟ್ಟುವುದು. ಗುರುಗುಟ್ಟಿದ್ದಕ್ಕೆ ಹೊಡೆದರೆ ಮುಂದಿನ ಬಾರಿ ಸೂಚನೆಯಿಲ್ಲದೆ ಕಚ್ಚುತ್ತದೆ. ಉಣ್ಣುವ, ಮಲಗಿದ, ಮರಿಹಾಕಿದ ನಾಯಿಯನ್ನು ಮಕ್ಕಳು ಮುಟ್ಟಬಾರದೆಂಬ ಪಾಠ ನಾಯಿಯ ಪಾಠದಷ್ಟೇ ಮುಖ್ಯ. ಚಿಕ್ಕ ಮಕ್ಕಳನ್ನು ಯಾವ ನಾಯಿಯ ಜೊತೆಗೂ ಒಂಟಿಯಾಗಿ ಬಿಡಬಾರದು.

ಶಾಂತವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಸಿಡುಕತೊಡಗಿದರೆ ಕಾರಣ ನೋವಿರಬಹುದು. ಆಗ ಬೇಕಾದದ್ದು ಪಾಠವಲ್ಲ, ಪಶುವೈದ್ಯರು. ಗದಗಿನಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ, ತಾಲ್ಲೂಕುಗಳಲ್ಲಿ ಪಶು ಆಸ್ಪತ್ರೆಗಳಿವೆ. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದ ಕಾಲಕ್ಕೆ ಮರುಲಸಿಕೆ ತಪ್ಪಬಾರದು. ಯಾವುದೇ ನಾಯಿ ಕಚ್ಚಿದರೂ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಮೆತ್ತಬಾರದು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸಿಗೆ ಮದ್ದಿಲ್ಲ.

ನಾಯಿಯ ಬಾಲ ಡೊಂಕೆಂದು ಆಡಿಕೊಳ್ಳುವವರು ಇದ್ದೇ ಇರುತ್ತಾರೆ. ಬಾಲ ಡೊಂಕಾಗಿರುವುದು ಅದರ ಪ್ರಕೃತಿ. ಅದನ್ನು ಯಾರೂ ನೆಟ್ಟಗೆ ಮಾಡಬೇಕಿಲ್ಲ. ನಡತೆ ಮಾತ್ರ ಕಲಿಸಿದಂತೆ ಬರುತ್ತದೆ. ನಾಳೆ ಬೆಳಿಗ್ಗೆ ಗೇಟಿನ ಬಳಿ ಒಂದು ನಿಮಿಷ ನಿಂತು, ಅದು ತಾನಾಗಿ ಕೂರುವ ತನಕ ಕಾದು, ಆಮೇಲೆ ಗೇಟು ತೆರೆಯಿರಿ. ಮೊದಲ ಪಾಠ ಅಲ್ಲಿಂದ ಆರಂಭವಾಗಲಿ. ಆ ಒಂದು ನಿಮಿಷದ ತಾಳ್ಮೆಯನ್ನು ಮನೆಯವರೆಲ್ಲ ಕಲಿತರೆ ಗೇಟಿನೊಳಗಿನ ಆ ಎರಡು ಮೊಳದ ಸರಪಳಿ ಗೂಡಿನಲ್ಲೇ ತುಕ್ಕು ಹಿಡಿಯುತ್ತದೆ.